ಕೂಸು ಬಡವಾದ ಲೆಕ್ಕ

ಕಥೆ, ಕವನ, ವಿಮರ್ಶೆಗಳ ನಡುವೆ ಕಾಲ್ಚೆಂಡು ಯಾಕೆ ಬಂತು ಅಂತ ಕೇಳುವವರು ನಮ್ಮ ಸಂಘದಲ್ಲೇ ಇದ್ದಾರೆ. ಕೇಳಲಿ. ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆಯನ್ನು ಕನ್ನಡ ಶಾಲೆಯಲ್ಲಿ ವರ್ಷಕ್ಕೆರಡು ಸಲ ವಿಸ್ತರಿಸಿ ಬರೆದು ಮಾರ್ಕು ತೆಗೆದುಕೊಂಡವರು ನಾವು. ಅದೇ ಗಾದೆಯನ್ನು 2025ರಲ್ಲಿ ಇಡೀ ದೇಶದ ಫುಟ್‌ಬಾಲು ವಿಸ್ತರಿಸಿ ತೋರಿಸಿತು. ಅದನ್ನು ನೋಡಿಯೂ ಸುಮ್ಮನಿದ್ದರೆ ಶಾಲೆಯಲ್ಲಿ ಬರೆದದ್ದೆಲ್ಲ ದಂಡ.

ಮೊದಲು ಸಂಗತಿ ಏನು ನೋಡೋಣ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರ ಡಿಸೆಂಬರಿನಲ್ಲಿ ತನ್ನ ವ್ಯಾಪಾರದ ಹಕ್ಕುಗಳನ್ನೆಲ್ಲ 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಒಂದೇ ಕಡೆ ಬರೆದುಕೊಟ್ಟಿತು. ಆ ಕರಾರಿನಿಂದ ಹುಟ್ಟಿದ್ದು 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್. ಕರಾರು ಮುಗಿಯುವ ದಿನ 2025ರ ಡಿಸೆಂಬರ್ 8. ಲೀಗಿನ ಋತು ಅದಕ್ಕಿಂತ ಉದ್ದ. ಹೊಸ ಕರಾರು ಆಗದೆ ಆಟ ಶುರುಮಾಡುವುದು ಹೇಗೆ ಎಂದು ಲೀಗ್ ನಡೆಸುವ ಕಂಪನಿ 2025ರ ಜುಲೈ 11ರಂದು ಋತುವನ್ನೇ ತಡೆಹಿಡಿಯಿತು. ಫೆಡರೇಷನ್ನಿನವರು, ‘ನಾವು ಮಾತಾಡುವ ಹಾಗಿಲ್ಲ, ನಮ್ಮ ಸಂವಿಧಾನದ ಕೇಸು ಸುಪ್ರೀಂ ಕೋರ್ಟಿನಲ್ಲಿದೆ’ ಅಂದರು. ಆ ಕೇಸು ಶುರುವಾದದ್ದು 2017ರಲ್ಲಿ! ತೀರ್ಪು ಬಂದದ್ದು 2025ರ ಸೆಪ್ಟೆಂಬರ್ 19ಕ್ಕೆ. ಆ ಎಂಟು ವರ್ಷದ ನಡುವೆ, 2022ರ ಆಗಸ್ಟಿನಲ್ಲಿ, ಫಿಫಾ ನಮ್ಮನ್ನು ಹನ್ನೊಂದು ದಿನ ಹೊರಗಿಟ್ಟಿತ್ತು. ಆಗ ಗೋಕುಲಂ ಕೇರಳದ ಹೆಣ್ಣುಮಕ್ಕಳು ಏಷ್ಯಾದ ಟೂರ್ನಿಗೆಂದು ತಾಷ್ಕೆಂಟಿಗೆ ಹೋಗಿ, ಒಂದು ಪಂದ್ಯವನ್ನೂ ಆಡದೆ ವಾಪಸು ಬಂದರು.

ತೀರ್ಪು ಬಂದ ಮೇಲಾದರೂ ಗಾಡಿ ಹೊರಟಿತೇ? ಇಲ್ಲ. ಟೆಂಡರು ಕರೆದರು. ನವೆಂಬರ್ 7ಕ್ಕೆ ಗಡುವು ಮುಗಿದಾಗ ಬಂದ ಬಿಡ್ಡುಗಳು ಎಷ್ಟು ಗೊತ್ತೇ? ಸೊನ್ನೆ. ಡಿಸೆಂಬರ್ 8 ಬಂತು, ಹಳೆ ಕರಾರೂ ಸತ್ತಿತು. 2026ರ ಜನವರಿ 2ರಂದು ಸುನಿಲ್ ಛೆಟ್ರಿಯಂಥ ಆಟಗಾರರು ಕ್ಯಾಮೆರಾದ ಮುಂದೆ ನಿಂತು, ನಮ್ಮ ಫುಟ್‌ಬಾಲನ್ನು ಉಳಿಸಿ ಎಂದು ಫಿಫಾವನ್ನು ಬೇಡಿಕೊಳ್ಳಬೇಕಾಯಿತು. ನಾಲ್ಕು ದಿನ ಬಿಟ್ಟು ಕ್ರೀಡಾ ಸಚಿವರು ಫೆಬ್ರವರಿ 14ಕ್ಕೆ ಲೀಗ್ ಶುರು ಎಂದು ಘೋಷಿಸಿದರು. ಹದಿನಾಲ್ಕು ತಂಡ, 91 ಪಂದ್ಯ. ಅದರ ಹಿಂದಿನ ಋತುವಿನಲ್ಲಿ ಹದಿಮೂರೇ ತಂಡವಿದ್ದರೂ ಲೀಗ್ ಹಂತದಲ್ಲೇ 156 ಪಂದ್ಯ ನಡೆದಿತ್ತು. ಅಂದರೆ ಒಂದು ತಂಡಕ್ಕೆ 24 ಪಂದ್ಯ ಇದ್ದದ್ದು 13ಕ್ಕೆ ಇಳಿಯಿತು. ಅರ್ಧ ಊಟ ಹಾಕಿ ಹಬ್ಬ ಮಾಡಿದೆವು ಅಂದ ಹಾಗಾಯಿತು.

ನಾನು ಕಾಮರ್ಸ್ ಓದುವವನು. ನಮಗೆ ಮೊದಲ ವರ್ಷದಲ್ಲೇ ಕಲಿಸುವ ಪಾಠವೊಂದಿದೆ: ಇರುವ ಸರಕನ್ನೆಲ್ಲ ಒಬ್ಬನೇ ಗಿರಾಕಿಗೆ ಮಾರುವ ಅಂಗಡಿಯವನು ಅಂಗಡಿಯ ಯಜಮಾನನಲ್ಲ, ಗಿರಾಕಿಯೇ ಯಜಮಾನ. ಹದಿನೈದು ವರ್ಷ ಮನೆಗೇ ದುಡ್ಡು ಬಂತು. ಫೆಡರೇಷನ್ ಸ್ವಂತ ಕಾಲ ಮೇಲೆ ನಿಲ್ಲುವುದನ್ನು ಕಲಿಯಲಿಲ್ಲ. ಕರಾರು ಮುಗಿಯುವ ತಾರೀಖು ಸಿಡಿಲಿನ ಹಾಗೆ ಬಂದದ್ದಲ್ಲ, ಸಹಿ ಹಾಕಿದ ದಿನವೇ ಗೊತ್ತಿತ್ತು. ಬಾಡಿಗೆ ಮನೆಯಲ್ಲಿರುವ ಗುಮಾಸ್ತನೂ ಅಗ್ರಿಮೆಂಟು ಮುಗಿಯಲು ಮೂರು ತಿಂಗಳಿರುವಾಗಲೇ ಬೇರೆ ಮನೆ ನೋಡುತ್ತಾನೆ. ಇವರಿಗೆ ಅಷ್ಟೂ ಬೇಡವೇ?

ನಷ್ಟ ಯಾರ ಖಾತೆಗೆ ಬಿತ್ತು ಅನ್ನುವುದನ್ನೂ ನೋಡಿ. 2025ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು. 2019ರಲ್ಲಿ ಲೀಗ್ ಗೆದ್ದ, 2025ರ ಏಪ್ರಿಲಿನಲ್ಲಿ ಫೈನಲ್ ಆಡಿದ ತಂಡದ ಗತಿ ಇದಾದರೆ ಸಣ್ಣವರ ಪಾಡೇನು? ದೊಡ್ಡ ಆಟಗಾರನಿಗೆ ಉಳಿತಾಯ ಇದ್ದೀತು. ಚೆಂಡಿಗೆ ಗಾಳಿ ತುಂಬುವವನಿಗೆ, ಬಸ್ ಓಡಿಸುವವನಿಗೆ, ಬಟ್ಟೆ ಒಗೆದು ಕೊಡುವವನಿಗೆ ಏನಿದೆ?

ಇದೇ ಹೊತ್ತಿನಲ್ಲಿ ಗುಜರಾತಿನಲ್ಲಿ ನಡೆದದ್ದನ್ನು ಹೇಳಲೇಬೇಕು. ನನ್ನ ಚಿಕ್ಕಪ್ಪ ಅಹಮದಾಬಾದಿನ ಮಣಿನಗರದಲ್ಲಿದ್ದಾರೆ. ನವೆಂಬರಿನಲ್ಲಿ ನಾನು ಅಲ್ಲಿದ್ದೆ. ಮನೆಗೆ ಹತ್ತಿರದಲ್ಲೇ, ಕಾಂಕರಿಯಾ ಬಳಿ, ಏಕಾ ಅರೀನಾ ಎಂಬ ಕ್ರೀಡಾಂಗಣ. ನವೆಂಬರ್ 18ರಂದು ನಮ್ಮ ಹಿರಿಯರ ತಂಡ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ ಸೋತಿತ್ತು. ನವೆಂಬರ್ 30ರಂದು ಅಹಮದಾಬಾದಿನಲ್ಲಿ ನಮ್ಮ ಹದಿನೇಳರ ಒಳಗಿನ ಹುಡುಗರಿಗೆ ಇರಾನ್ ಎದುರಾಳಿ. ಗೆದ್ದರೆ ಮಾತ್ರ ಏಷ್ಯಾ ಕಪ್ಪಿಗೆ ಅರ್ಹತೆ. ಇರಾನ್ ಮೊದಲು ಗೋಲು ಹೊಡೆಯಿತು. ನಮ್ಮವರು ಹೆದರಲಿಲ್ಲ. ದಲ್ಲಾಲ್‌ಮುವನ್ ಗಾಂಗ್ಟೆ ಪೆನಾಲ್ಟಿಯಲ್ಲಿ ಸಮ ಮಾಡಿದ, ಗುನ್ಲೈಬಾ ಇನ್ನೊಂದು ಹೊಡೆದ. 2–1. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಗುಜರಾತಿ ಮುದುಕರೊಬ್ಬರು ನನ್ನನ್ನು ತಬ್ಬಿಕೊಂಡೇ ಬಿಟ್ಟರು.

ಆದರೆ ಆ ಹುಡುಗರು ನಾಳೆ ಹೋಗಬೇಕಾದ ಲೀಗ್ ಅವತ್ತು ಬೀಗ ಹಾಕಿಕೊಂಡಿತ್ತು. ಏಣಿಯ ಕೆಳಗಿನ ಮೆಟ್ಟಿಲು ಗಟ್ಟಿ, ಮೇಲಿನ ಮೆಟ್ಟಿಲೇ ಇಲ್ಲ. ಇದಕ್ಕಿಂತ ಕ್ರೂರ ತಮಾಷೆ ಬೇರೆ ಬೇಕೇ?

ಗುಜರಾತಿನದೇ ಇನ್ನೊಂದು ಲೆಕ್ಕ. ಕ್ರಿಕೆಟ್ಟಿನಲ್ಲಿ ಆ ಒಂದು ರಾಜ್ಯಕ್ಕೆ ಮೂರು ರಣಜಿ ತಂಡ: ಗುಜರಾತ್, ಬರೋಡಾ, ಸೌರಾಷ್ಟ್ರ. ಮೊಟೆರಾದಲ್ಲಿ 1,32,000 ಜನ ಕೂರುವ ಸ್ಟೇಡಿಯಂ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟವೂ ಅಹಮದಾಬಾದಿಗೇ ಸಿಕ್ಕಿದೆ. ಸೂಪರ್ ಲೀಗಿನಲ್ಲಿ ಮಾತ್ರ ಗುಜರಾತಿನ ಒಂದು ತಂಡವೂ ಇಲ್ಲ. ದುಡ್ಡಿಲ್ಲವೇ? ಸೂರತ್ತಿನ ಸೀರೆ ಮಾರುಕಟ್ಟೆ, ವಜ್ರದ ಗಿರಣಿ ನೋಡಿದವರು ಹಾಗೆ ಹೇಳಲಾರರು. ಆಸಕ್ತಿ ಇಲ್ಲವೇ? 2024ರ ಮೇ ತಿಂಗಳಲ್ಲಿ ಅಲ್ಲಿನ ರಾಜ್ಯ ಸಂಸ್ಥೆ ಗುಜರಾತ್ ಸೂಪರ್ ಲೀಗ್ ಎಂದು ಆರು ತಂಡಗಳನ್ನು ಕಟ್ಟಿ ಆಡಿಸಿತು. ಅಹಮದಾಬಾದ್, ವಡೋದರಾ, ಸೂರತ್ ಮೂರರ ಹೆಸರಿನಲ್ಲೂ ತಂಡಗಳಿದ್ದವು. 2023ರಲ್ಲಿ ಮಹಿಳೆಯರ ರಾಷ್ಟ್ರೀಯ ಲೀಗ್ ನಡೆದದ್ದೂ ಅಹಮದಾಬಾದಿನಲ್ಲೇ, ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಹುಡುಗಿಯರು ಫೈನಲ್ ತಲುಪಿದ್ದು ಅಲ್ಲೇ. ದುಡ್ಡೂ ಇದೆ, ಮೈದಾನವೂ ಇದೆ, ಆಸೆಯೂ ಮೊಳೆತಿದೆ. ಆದರೆ ಸೂರತ್ತಿನ ವ್ಯಾಪಾರಿಯ ಜಾಗದಲ್ಲಿ ನೀವು ನಿಂತು ಯೋಚಿಸಿ. ಬರುವ ವರ್ಷ ಲೀಗ್ ಇರುತ್ತದೋ ಇಲ್ಲವೋ ಎಂಬ ಆಟಕ್ಕೆ ಒಂದು ರೂಪಾಯಿ ಹಾಕುತ್ತೀರಾ? ನಾನಂತೂ ಹಾಕಲ್ಲ. ಆ ಸೊನ್ನೆ ಬಿಡ್ಡಿನ ಅರ್ಥ ಇಷ್ಟೇ.

ಕೋರ್ಟು ಮಧ್ಯೆ ಬಂದದ್ದರಿಂದಲೇ ಇಷ್ಟೆಲ್ಲ ಆಯಿತು ಎಂದು ನನ್ನ ಗೆಳೆಯರು ವಾದಿಸುತ್ತಾರೆ. ತಡವಾದದ್ದು ನಿಜ. ಆದರೆ ಕೋರ್ಟು ತಾನಾಗಿ ಮನೆಯೊಳಗೆ ನುಗ್ಗಲಿಲ್ಲ. 2020ರ ಡಿಸೆಂಬರಿಗೆ ಅಧಿಕಾರಾವಧಿ ಮುಗಿದ ಮೇಲೂ ಚುನಾವಣೆಯಿಲ್ಲದೆ ಹಳಬರೇ ಕುರ್ಚಿಯಲ್ಲಿದ್ದರು. 2022ರ ಮೇನಲ್ಲಿ ಸುಪ್ರೀಂ ಕೋರ್ಟು ಅವರನ್ನು ಎಬ್ಬಿಸಿತು. ಕಂಪನಿಗೇ ಎಲ್ಲ ಒಪ್ಪಿಸಿಬಿಡಿ, ಅವರಿಗೆ ವ್ಯವಹಾರ ಗೊತ್ತು ಅನ್ನುವವರೂ ಇದ್ದಾರೆ. ಕಂಪನಿ ಲಾಭ ನಷ್ಟ ನೋಡುವುದು ತಪ್ಪಲ್ಲ, ಅದರ ಧರ್ಮವೇ ಅದು. ಆದರೆ ಆಟದ ಯೋಗಕ್ಷೇಮ ನೋಡುವವರು ಇನ್ನೊಬ್ಬರು ಇರಬೇಕಲ್ಲ?

ಈ ಪ್ರಶ್ನೆಗೆ ಅಹಮದಾಬಾದಿನಲ್ಲೇ ಒಂದು ಹಳೆಯ ಉತ್ತರವಿದೆ. 1918ರಲ್ಲಿ ಅಲ್ಲಿನ ಗಿರಣಿ ಮಾಲೀಕರು ಪ್ಲೇಗಿನ ಬೋನಸ್ಸು ನಿಲ್ಲಿಸಿದಾಗ ಜಗಳ ಎದ್ದಿತು. ಮಾಲೀಕರು ಶೇಕಡಾ 20 ಅಂದರು, ಗಾಂಧೀಜಿ ಕಾರ್ಮಿಕರ ಪರವಾಗಿ ಶೇಕಡಾ 35 ಅಂದರು. ಮಾಲೀಕರ ಕಡೆ ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಕಡೆ ಅವರ ಅಕ್ಕ ಅನಸೂಯಾ! ಕೊನೆಗೆ ಎರಡೂ ಕಡೆಯವರು ಒಬ್ಬ ಪಂಚರನ್ನು ಒಪ್ಪಿದರು. ಆನಂದಶಂಕರ ಧ್ರುವ ಅವರು ಲೆಕ್ಕ ನೋಡಿ ಶೇಕಡಾ 35 ಎಂದು ತೀರ್ಮಾನ ಕೊಟ್ಟರು. 1920ರಲ್ಲಿ ಕಾರ್ಮಿಕರ ಮಜೂರ್ ಮಹಾಜನ ಸಂಘ ಹುಟ್ಟಿತು. ಆ ಜಗಳದಲ್ಲಿ ದುಡಿಯುವವನಿಗೂ ಕೂರಲು ಒಂದು ಕುರ್ಚಿ ಸಿಕ್ಕಿತು. ನೂರು ವರ್ಷ ಕಳೆದ ಮೇಲೂ ನಮ್ಮ ಫುಟ್‌ಬಾಲಿನ ಜಗಳದಲ್ಲಿ ಆಟಗಾರನಿಗೆ ಕುರ್ಚಿ ಇರಲಿಲ್ಲ, ಬರೀ ಕ್ಯಾಮೆರಾ ಇತ್ತು.

ಹೊಸ ಸಂವಿಧಾನ ನಿವೃತ್ತ ಆಟಗಾರರಿಗೆ ಫೆಡರೇಷನ್ನಿನ ಮಹಾಸಭೆಯಲ್ಲಿ ಸ್ಥಾನ ಕೊಟ್ಟಿದೆ. ಒಳ್ಳೆಯದೇ. ಆದರೆ ಸಂಬಳ ನಿಲ್ಲುವುದು ನಿವೃತ್ತರಿಗಲ್ಲ, ಆಡುತ್ತಿರುವವರಿಗೆ. ಅದಕ್ಕೇ ನನ್ನ ಬೇಡಿಕೆ ಮೂರೇ. ಒಂದು, ಮುಂದಿನ ಯಾವುದೇ ಕರಾರು ಮುಗಿಯುವ ಎರಡು ವರ್ಷ ಮೊದಲೇ ಹೊಸದಕ್ಕೆ ಟೆಂಡರು ಕರೆಯಬೇಕು. ಎರಡು, ಜಗಳ ಬಂದರೆ ಇಂತಿಷ್ಟು ದಿನದಲ್ಲಿ ತೀರ್ಮಾನ ಕೊಡುವ ಪಂಚರ ಹೆಸರು ಕರಾರಿನಲ್ಲೇ ಇರಬೇಕು, ಅಲ್ಲಿಯವರೆಗೆ ಆಟ ನಿಲ್ಲಕೂಡದು. ಮೂರು, ಆ ಮೇಜಿನ ಸುತ್ತ ಈಗ ಆಡುತ್ತಿರುವವರ ಪ್ರತಿನಿಧಿ ಇರಬೇಕು. ಸಂಬಳಕ್ಕೆಂದು ಒಂದಿಷ್ಟು ಹಣ ಬೇರೆಯೇ ತೆಗೆದಿಟ್ಟ ಮೇಲೆ ಉಳಿದ ಹಂಚಿಕೆ.

ಇವೇನು ಕ್ರಾಂತಿಯಲ್ಲ ಮಹಾರಾಯರೇ, ಸಾಮಾನ್ಯ ಕಿರಾಣಿ ಅಂಗಡಿಯ ವಿವೇಕ. ಬೆಂಗಳೂರಿನ ಗೌತಮಪುರದ ಗಲ್ಲಿಯಲ್ಲೂ ವಡೋದರಾದ ಮೈದಾನದಲ್ಲೂ ಬರಿಗಾಲಲ್ಲಿ ಚೆಂಡು ಒದೆಯುವ ಹುಡುಗರು ಕರಾರು ಓದುವುದಿಲ್ಲ. ಅದನ್ನು ಓದಿ ಸಹಿ ಹಾಕುವವರಾದರೂ ಆ ಹುಡುಗರನ್ನು ಒಂದು ಸಲ ನೆನೆಯಲಿ.