ಮೋರಿ ನೀರು ಬೋರಿಗೆ ಇಳಿಯುವ ಮುನ್ನ

ಕೋಲಾರದ ಕೆರೆಗಳು ತುಂಬಿದ್ದನ್ನು ಕಂಡವರು ‘ನಮ್ಮ ಹಿಂದೂಪುರ, ಕಲ್ಯಾಣದುರ್ಗಕ್ಕೂ ಹಾಗೇ ಮಾಡಬಾರ್ದೇ?’ ಎಂದು ಕೇಳುವುದು ಸಹಜ. ಮಾಡಬಹುದು. ಆದರೆ ಹೇಗೆ ಎಂಬುದೇ ಮುಖ್ಯ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಸುತ್ತಲಿನ ಬೋರುಗಳಲ್ಲಿ ನೀರು ಏರಿತು, ರೈತರಿಗೆ ಜೀವ ಬಂತು. ಅದೇ ವರ್ಷ ನೊರೆಯೂ ಬಂತು, ವಿಷಯ ಹೈಕೋರ್ಟಿಗೆ ಹೋಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂಬ ಕೂಗು ಎದ್ದಿತು.

ಮಣ್ಣೇ ಶೋಧಿಸುವ ವಿಧಾನವೂ ಒಂದಿದೆ. ಇಸ್ರೇಲಿನ ಟೆಲ್ ಅವೀವ್ ಬಳಿ 1970ರ ದಶಕದಿಂದ ಸಂಸ್ಕರಿಸಿದ ನೀರನ್ನು ಮರಳಿನ ಹೊಂಡಗಳಿಗೆ ಬಿಡುತ್ತಾರೆ. ಒಂದೆರಡು ದಿನ ತುಂಬಿಸಿ, ಆಮೇಲೆ ಒಣಗಲು ಬಿಡುತ್ತಾರೆ. ಒಣಗಿದಾಗ ಮಣ್ಣಿಗೆ ಗಾಳಿ ಸೇರುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದುಹಾಕುತ್ತವೆ. ತಿಂಗಳುಗಟ್ಟಲೆ ನೆಲದೊಳಗೆ ಹರಿದ ನೀರನ್ನು ಮತ್ತೆ ಎತ್ತಿ ಹೊಲಗಳಿಗೆ ಕೊಡುತ್ತಾರೆ. ಹಾಗಂತ ಉಪ್ಪಿನಂಶವನ್ನು ಮಣ್ಣು ತೆಗೆಯೋದಿಲ್ಲ.

ಅಲ್ಲಿರುವುದು ಆಳವಾದ ಮರಳು. ನಮ್ಮದೋ, ಬಂಡೆಯ ಮೇಲೆ ತೆಳುವಾದ ಕೆಮ್ಮಣ್ಣು. ಬಂಡೆಯ ಬಿರುಕು ಸಿಕ್ಕರೆ ನೀರು ಶೋಧನೆಯಾಗದೆ ನೇರ ಬೋರಿಗೆ ಇಳಿದೀತು. ನಮಗಿರುವ ಒಳ್ಳೆಯ ಜರಡಿ ಎಂದರೆ ಪಿನಾಕಿನಿ, ಹಗರಿ ನದಿಗಳ ಮರಳು. ಅದನ್ನೇ ಲಾರಿಗೆ ತುಂಬಿ ಕಳಿಸಿದರೆ ಇನ್ನೇನು ಶೋಧಿಸೋದು?

ಆದ್ದರಿಂದ ಕೇಳಬೇಕಾದ್ದು ಇಷ್ಟು. ಮೊದಲು ಊರಿನ ಮೋರಿ ನೀರು ಪೂರ್ತಿ ಶುದ್ಧೀಕರಣ ಘಟಕ ಸೇರಲಿ. ಕಾರ್ಖಾನೆಯ ತ್ಯಾಜ್ಯ ಅದರಲ್ಲಿ ಬೆರೆಯದಿರಲಿ. ಮಣ್ಣು ಪರೀಕ್ಷಿಸಿ, ಕುಡಿಯುವ ಬೋರುಗಳಿಂದ ದೂರದಲ್ಲಿ ಹೊಂಡ ತೋಡಲಿ. ಆ ನೀರು ಮೊದಲು ಬೇಸಾಯಕ್ಕೆ ಹೋಗಲಿ. ಸುತ್ತಲಿನ ಬೋರುಗಳ ನೈಟ್ರೇಟ್, ಉಪ್ಪು, ಲೋಹದ ಅಂಶಗಳನ್ನು ತಿಂಗಳಿಗೊಮ್ಮೆ ಅಳೆದು, ಫಲಿತಾಂಶವನ್ನು ತೆಲುಗಿನ ಜೊತೆ ಕನ್ನಡದಲ್ಲೂ ಊರ ಬೋರ್ಡಿಗೆ ಹಾಕಲಿ.

ಕೆಟ್ಟ ಕೆರೆಯ ಹೂಳನ್ನಾದರೂ ಎತ್ತಬಹುದು. ನೆಲದಡಿಯ ನೀರು ಕೆಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಸರಿಹೋಗೋದು ಕಷ್ಟ. ಬಾಯಾರಿಕೆಯ ಅವಸರದಲ್ಲಿ ಇದನ್ನು ಮರೆಯದಿರೋಣ.