ಹಳೆಯ ಬಾರ್ ಕಪಾಟು ಕೊಳ್ಳುವ ಮುನ್ನ



ಈಚೆಗೆ ನಮ್ಮ ಹುಡುಗರು ಹೊಸ ಫ್ಲ್ಯಾಟು ಕೊಂಡಾಗ ಹಾಲ್‌ನ ಒಂದು ಮೂಲೆಯನ್ನು ಬಾರ್‌ಗೆಂದು ಮೀಸಲಿಡುವುದುಂಟು. ಅದೂ ಹೊಸ ಸನ್‌ಮೈಕಾ ಕಪಾಟಲ್ಲ, ಹಳೆಯ ಕಾಲದ ಮರದ್ದೇ ಆಗಬೇಕು. "ನಾವು ಚಾಳಿನ ಖೋಲಿಯಲ್ಲಿ ದೇವರ ಫೋಟೋ ಇಡಲು ಜಾಗ ಹುಡುಕಿದೆವು, ಇವರು ಬಾಟಲಿಗೆ ಹುಡುಕುತ್ತಾರೆ" ಎಂದು ಗೊಣಗುವ ಹಿರಿಯರೂ ಇದ್ದಾರೆ. ಕುಡಿಯಬೇಕೇ ಬೇಡವೇ ಎಂಬ ಚರ್ಚೆ ಈ ಅಂಕಣದ್ದಲ್ಲ. ಆದರೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಾಳೆ ಒಳಗೆ ಒಂದೂ ಬಾಟಲಿ ಇಲ್ಲದಿದ್ದರೂ ಈ ಕಪಾಟು ನಿಮ್ಮ ಮನೆಯಲ್ಲಿ ಮರ್ಯಾದೆಯಿಂದ ನಿಲ್ಲಬಲ್ಲದೇ? ಹೌದಾದರೆ ಮಾತ್ರ ಮುಂದಿನ ಮಾತು.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ನೂರು ವರ್ಷ ದಾಟಿದ್ದನ್ನು ಆಂಟಿಕ್ ಎನ್ನುವುದು ರೂಢಿ. ಅದಕ್ಕಿಂತ ಕಡಿಮೆ ವಯಸ್ಸಿನ ಹಳೆಯ ವಸ್ತು ವಿಂಟೇಜ್. ಅಂಗಡಿಯವರು ಎರಡನ್ನೂ ಆಂಟಿಕ್ ಎಂದೇ ಕರೆಯುತ್ತಾರೆ, ಬೆಲೆಯನ್ನೂ ಹಾಗೆಯೇ ಹೇಳುತ್ತಾರೆ. ನಿಜ ನೋಡಿದರೆ ಬಾಗಿಲು ತೆರೆದೊಡನೆ ಕನ್ನಡಿ, ಗ್ಲಾಸು ಇಡುವ ಗೂಡು ಕಾಣುವ ಕಾಕ್‌ಟೇಲ್ ಕಪಾಟು ಜನಪ್ರಿಯವಾದದ್ದು 1920-30ರ ದಶಕಗಳಲ್ಲಿ. ಮರೈನ್ ಡ್ರೈವ್, ಓವಲ್ ಮೈದಾನದ ಸುತ್ತ ಆರ್ಟ್ ಡೆಕೊ ಶೈಲಿಯ ಕಟ್ಟಡಗಳು ಎದ್ದದ್ದೂ 1930ರ ದಶಕದಿಂದಲೇ. ಓವಲ್ ಮತ್ತು ಮರೈನ್ ಡ್ರೈವ್‌ನ ಆ ಕಟ್ಟಡಗಳ ಸಮೂಹ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆದ್ದರಿಂದ "ಇದು 150 ವರ್ಷದ ಕಾಕ್‌ಟೇಲ್ ಕಪಾಟು" ಎಂದು ಯಾರಾದರೂ ಹೇಳಿದರೆ ಮುಗುಳ್ನಕ್ಕು ಮುಂದೆ ನಡೆಯಿರಿ.

ಮುಂಬಯಿಯಲ್ಲಿ ಹುಡುಕುವವರು ಚೋರ್ ಬಜಾರಿನ ಮಟನ್ ಸ್ಟ್ರೀಟಿಗೋ ಜೋಗೇಶ್ವರಿ ಪಶ್ಚಿಮದ ಓಶಿವಾರಾ ಮಾರ್ಕೆಟ್ಟಿಗೋ ಹೋಗುತ್ತಾರೆ. ಅಲ್ಲಿ ನಿಜವಾದ ಹಳೆಯ ಸಾಮಾನಿನ ಪಕ್ಕದಲ್ಲೇ ಮೊನ್ನೆ ತಯಾರಾಗಿ ಹಳೆಯದರ ವೇಷ ತೊಟ್ಟದ್ದೂ ಇರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಮುಂಭಾಗದ ಹೊಳಪು ನೋಡಬೇಡಿ. ಡ್ರಾಯರ್ ಪೂರ್ತಿ ಹೊರಗೆಳೆದು ಅದರ ತಳ ನೋಡಿ, ಕಪಾಟಿನ ಬೆನ್ನು ನೋಡಿ. ಪಾಲಿಶ್ ಕಾಣದ ಆ ಜಾಗಗಳಲ್ಲಿ ಮರ ತನ್ನ ನಿಜವಾದ ಬಣ್ಣ ತೋರಿಸುತ್ತದೆ. ಸಾಧಾರಣ ಮರಕ್ಕೆ ಕಪ್ಪು ಬಣ್ಣ ಬಳಿದು ಬೀಟೆ ಎಂದು ಮಾರುವುದುಂಟು. ಬೀಟೆ ತೇಗಕ್ಕಿಂತ ಭಾರ; ಡ್ರಾಯರ್ ಕೈಯಲ್ಲಿ ಹಿಡಿದರೇ ಅಂದಾಜು ಸಿಗುತ್ತದೆ.

ಸ್ಕ್ರೂಗಳನ್ನೂ ಗಮನಿಸಿ. ತಲೆಯ ಮೇಲೆ ಪ್ಲಸ್ ಗುರುತಿರುವ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದ ನಡುವಿನಲ್ಲಿ. 1910ರದ್ದೆನ್ನುವ ಕಪಾಟಿನಲ್ಲಿ ಅದು ಕಂಡರೆ ಒಂದೋ ರಿಪೇರಿ ಆಗಿದೆ, ಇಲ್ಲವೇ ಮಾತು ಸುಳ್ಳು. ದುಂಡು ಮೇಜಾದರೆ ಟೇಪಿನಿಂದ ಎರಡು ದಿಕ್ಕಿನಲ್ಲಿ ಅಳೆಯಿರಿ. ಮರ ಎಳೆಯ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಹೆಚ್ಚು. ಹಾಗಾಗಿ ಹಲವು ದಶಕ ಕಂಡ ಹಲಗೆ ಮೇಜು ಸಾಮಾನ್ಯವಾಗಿ ಪೂರ್ತಿ ದುಂಡಗೆ ಉಳಿದಿರುವುದಿಲ್ಲ. ಆದರೆ ಪ್ಲೈವುಡ್ ಮೇಲೆ ತೆಳು ಮರದ ಹಾಳೆ ಅಂಟಿಸಿದ್ದನ್ನು ಕಂಡೊಡನೆ ನಕಲಿ ಎನ್ನಬೇಡಿ. ಆರ್ಟ್ ಡೆಕೊ ಕಾಲದಲ್ಲಿ ಒಳ್ಳೆಯ ಕೆಲಸಗಾರರೂ ಹಾಗೆ ಮಾಡುತ್ತಿದ್ದರು. ಒಳಗೆ ಮರದ ಪುಡಿ ಒತ್ತಿ ಮಾಡಿದ ಹಲಗೆ ಇದ್ದರೆ ಮಾತ್ರ ಅನುಮಾನಿಸಿ. ಅದು ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದ ಸರಕು. ಕೆಳಗೆ ಕಪ್ಪು ಕಾಗದ ಹಾಸಿ ಕಪಾಟನ್ನು ತಟ್ಟಿ. ಹಿಟ್ಟಿನಂಥ ಹೊಸ ಪುಡಿ ಬಿದ್ದರೆ ಕುಟ್ಟೆ ಹುಳು ಇನ್ನೂ ಒಳಗಿದೆ. ಅದನ್ನು ಮನೆಗೆ ತಂದರೆ ನಿಮ್ಮ ಬೇರೆ ಸಾಮಾನಿಗೂ ಕುತ್ತು.

ಇನ್ನು ಬಾರ್‌ಗೆಂದೇ ನೋಡಬೇಕಾದ ಸಂಗತಿಗಳು. ಹಳೆಯ ಫ್ರೆಂಚ್ ಪಾಲಿಶ್ ಎಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಮದ್ಯದಲ್ಲಿರುವುದೂ ಅದೇ ಜಾತಿಯ ಆಲ್ಕೋಹಾಲ್. ಆದ್ದರಿಂದ ಒಂದು ಪೆಗ್ ಚೆಲ್ಲಿದರೆ ಪಾಲಿಶ್ ಬಿಳುಚಿ ಅಂಟಾಗುತ್ತದೆ. ಹಿಂದಿನವರು ಗ್ಲಾಸು ಇಡುವ ಜಾಗದಲ್ಲಿ ಗಾಜು, ಕನ್ನಡಿ ಇಲ್ಲವೇ ಕಲ್ಲು ಕೂರಿಸುತ್ತಿದ್ದುದು ಬರೀ ಅಂದಕ್ಕಲ್ಲ. ಅಂಥ ಹೊದಿಕೆ ಇಲ್ಲದಿದ್ದರೆ ಅಳತೆಗೆ ಸರಿಯಾದ ಗಾಜು ಕೊಯ್ಸಿ ಹಾಕಿಸಿ. ಅಮೃತಶಿಲೆಯ ಮೇಲೆ ಲಿಂಬೆ ರಸ ಬೀಳದಂತೆ ನೋಡಿಕೊಳ್ಳಿ. ಹುಳಿ ಕಲ್ಲನ್ನೇ ತಿನ್ನುತ್ತದೆ. ಕಪಾಟಿನ ಜೊತೆ ಬರುವ ಹಳೆಯ ಕ್ರಿಸ್ಟಲ್ ಸೀಸೆಗಳು ಶೋಕೇಸಿನಲ್ಲಿರಲಿ. ಅವುಗಳಲ್ಲಿ ಸೀಸವಿರುತ್ತದೆ, ದಿನಗಟ್ಟಲೆ ತುಂಬಿಟ್ಟ ಪಾನೀಯಕ್ಕೆ ಅದು ಇಳಿಯುತ್ತದೆ. ಒಳಗೂಡಿಗೆ 13 ಇಂಚಾದರೂ ಎತ್ತರವಿರಲಿ, ಬೀಗ ಕೆಲಸ ಮಾಡಲಿ. ಮಕ್ಕಳು ಓಡಾಡುವ ಮನೆಯಲ್ಲಿ ತೆರೆದ ಕೌಂಟರಿಗಿಂತ ಬಾಗಿಲು ಮುಚ್ಚುವ ಕಪಾಟೇ ಲೇಸು. ಕೊಳ್ಳುವ ಮೊದಲು ನಿಮ್ಮ ಲಿಫ್ಟು, ಬಾಗಿಲಿನ ಅಗಲ ಅಳೆದುಕೊಂಡು ಹೋಗಿ.

ಕೈ ಗಿಡ್ಡವಾದರೆ ನಿರಾಶೆ ಬೇಡ. ಇರಾನಿ ಹೋಟೆಲುಗಳ ಅಮೃತಶಿಲೆಯ ಮೇಜು ಮತ್ತು ಬಗ್ಗಿಸಿದ ಮರದ ಕುರ್ಚಿ ಈ ಊರಿನದೇ ಗುರುತು. ಆ ಕುರ್ಚಿಯ ಮೂಲ ಮಾದರಿಯನ್ನು ಮಿಖಾಯೆಲ್ ಥೋನೆಟ್ 1859ರಲ್ಲಿ ಹೊರತಂದರು. ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಅಂಥ ಒಂದು ಮೇಜು, ಎರಡು ಕುರ್ಚಿ ಇದ್ದರೆ ಸಂಜೆ ಗೆಳೆಯರೂ ಕೂರಬಹುದು, ಬೆಳಿಗ್ಗೆ ಅಪ್ಪ ಕಾಫಿ ಹಿಡಿದು ಪೇಪರೂ ಓದಬಹುದು.

ಕಾನೂನೂ ತಿಳಿದಿರಲಿ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಈಗಲೂ ಜಾರಿಯಲ್ಲಿದೆ. ಮದ್ಯ ಇಟ್ಟುಕೊಳ್ಳಲು ಪರ್ಮಿಟ್ ಬೇಕು. ಗಡಸು ಮದ್ಯಕ್ಕೆ 25 ವರ್ಷ ತುಂಬಿರಬೇಕು. ಮುಂದೆ ವಿದೇಶಕ್ಕೆ ಹೋಗುವ ಯೋಚನೆಯಿರುವವರು 1972ರ ಪುರಾತನ ವಸ್ತುಗಳ ಕಾಯ್ದೆಯನ್ನು ನೆನಪಿಡಿ. ಕಲೆ, ಇತಿಹಾಸದ ಮಹತ್ವವುಳ್ಳ, ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ.

ಕೊನೆಯದಾಗಿ ಒಂದು ಮಾತು. ಹಳೆಯ ಮನೆಗಳ ಕೆತ್ತನೆಯ ಬಾಗಿಲನ್ನು ಕೌಂಟರ್ ಮಾಡಿ ಮಾರುವುದನ್ನು ನೀವೂ ನೋಡಿರಬಹುದು. ಊರಿನಲ್ಲಿ ಮನೆ ಕೆಡವಿದಾಗ ಕಂಬ, ಬಾಗಿಲು, ಅಕ್ಕಿಯ ಪತ್ತಾಯ ಎಲ್ಲವೂ ಸಿಕ್ಕಿದ ಬೆಲೆಗೆ ಲಾರಿ ಹತ್ತುತ್ತವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಅಂಥ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಕಟ್ಟಿದರು. ನಾವು ಅಷ್ಟು ಮಾಡಲಾರೆವು. ಆದರೆ ಓಶಿವಾರಾಕ್ಕೆ ಹೊರಡುವ ಮುನ್ನ ಊರಿಗೊಂದು ಫೋನು ಮಾಡಿ, ಅಟ್ಟದ ಮೇಲೆ ಏನಿದೆ ಎಂದು ಅಜ್ಜಿಯನ್ನು ಕೇಳಬಹುದಲ್ಲ? ಅಜ್ಜನ ಬೀಟೆಯ ಕಪಾಟು ಅಲ್ಲಿದ್ದರೆ ಅದನ್ನು ತನ್ನಿ. ಅದರಲ್ಲಿ ಏನಿಡಬೇಕು, ಏನಿಡಬಾರದು ಎಂಬುದನ್ನು ಅಜ್ಜಿಯ ಎದುರೇ ಕೂತು ತೀರ್ಮಾನಿಸಿ.