ಗುಂಡಣ್ಣ ಕರಗಿದ ಮೇಲೆ...

ಮೊನ್ನೆ ಸಂಜೆ ಗಾಂಧಿನಗರದ ಹೋಟೆಲೊಂದರಲ್ಲಿ ಕಾಫಿಗೆ ಹೇಳಿ ಒಬ್ಬನೇ ಕೂತಿದ್ದೆ. ಎದುರಿನ ಕುರ್ಚಿಗೆ ಒಬ್ಬರು ಬಂದು ಕೂತರು. ಸಣಕಲು ಅನ್ನುವ ಹಾಗಿಲ್ಲ. ಆದರೆ ಹಾಕಿಕೊಂಡಿದ್ದ ಅಂಗಿ ಅವರದ್ದಲ್ಲ, ಯಾರೋ ದೊಡ್ಡಪ್ಪನದ್ದು ಅನ್ನಿಸುತ್ತಿತ್ತು. ನಾನು ಪತ್ರಿಕೆ ಮಡಿಸಿ ಮುಖ ಆ ಕಡೆ ತಿರುಗಿಸಿದೆ.

"ಏನ್ ಗುರೂ, ಗುರ್ತೇ ಸಿಗ್ಲಿಲ್ವಾ?"

ದನಿ ಕೇಳಿದ್ದೇ ತಡ, ಎದ್ದು ನಿಂತುಬಿಟ್ಟೆ! ಆ ದನಿ ನಿಮಗೂ ಗೊತ್ತು ಓದುಗ ಮಹಾಶಯರೇ. ಕುರ್ಚಿ ಮುರಿದು ಬೀಳುವವರು, ಸ್ಕೂಟರಿನ ಹಿಂದೆ ಕೂತರೆ ಮುಂದಿನ ಚಕ್ರ ಮೇಲೆದ್ದು ನಿಲ್ಲಿಸುವವರು, ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡು ಕಂಡಕ್ಟರ್ ಕೈಲಿ ತಳ್ಳಿಸಿಕೊಳ್ಳುವವರು. ಅವರನ್ನು ಇಲ್ಲಿ ಗುಂಡಣ್ಣ ಅನ್ನೋಣ. ನಿಜವಾದ ಹೆಸರಲ್ಲ. ಹೆಸರು ಬರೆಯಕೂಡದು ಎನ್ನುವ ಷರತ್ತಿನ ಮೇಲೇ ಅವರು ಮಾತಾಡಿದ್ದು. ದಯವಿಟ್ಟು ಊಹಿಸುವ ಆಟ ಬೇಡ. ಈ ವಾರ ಅದಕ್ಕೆ ಬಹುಮಾನವೂ ಇಲ್ಲ!

134 ಕೇಜಿ ಇದ್ದವರು ಈಗ 82. ಹದಿನಾಲ್ಕು ತಿಂಗಳಲ್ಲಿ ಇಳಿದದ್ದು. "ವಾಕಿಂಗಾ?" ಅಂದೆ. "ಎಲ್ಲರಿಗೂ ಹಾಗೇ ಹೇಳಿದ್ದೆ" ಅಂದರು. "ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಸಂಜೆ ವಾಕಿಂಗು ಅಂತ. ಸುಳ್ಳು ಗುರೂ. ಆಪರೇಷನ್ನು."

ಆಪರೇಷನ್ ಅಂದಕೂಡಲೇ ನಮ್ಮ ಜನಕ್ಕೆ ಒಂದೇ ನೆನಪಾಗುವುದು. 2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ ಕಿರುತೆರೆಯ ಚೇತನಾ ರಾಜ್, ಬರೀ 21 ವರ್ಷದ ಹುಡುಗಿ, ಕೊಬ್ಬು ತೆಗೆಸಲು ಹೋಗಿ ತೀರಿಕೊಂಡರಲ್ಲ, ಅದು. ಆದರೆ ಅದೇ ಬೇರೆ, ಇದೇ ಬೇರೆ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಅಂದಕ್ಕಾಗಿ. ಗುಂಡಣ್ಣ ಮಾಡಿಸಿಕೊಂಡದ್ದು ಹೊಟ್ಟೆಯ ಒಳಗಿನ ಬೈಪಾಸ್. ಜಠರದ ಮೇಲ್ತುದಿಯಲ್ಲಿ ಕೋಳಿಮೊಟ್ಟೆಗಿಂತ ಸಣ್ಣದೊಂದು ಚೀಲವನ್ನು ಮಾತ್ರ ಉಳಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಅಮೆರಿಕದ ಅಯೋವಾದಲ್ಲಿ ಡಾಕ್ಟರ್ ಎಡ್ವರ್ಡ್ ಮೇಸನ್ 1966ರಲ್ಲಿ ಶುರುಮಾಡಿದ ವಿದ್ಯೆ, ಆಮೇಲೆ ಎಷ್ಟೋ ಸುಧಾರಿಸಿದೆ. ಈಗ ಹೊಟ್ಟೆ ಕೊಯ್ದು ಹಾಕುವುದಿಲ್ಲ, ನಾಲ್ಕೈದು ತೂತು ಮಾಡಿ ದುರ್ಬೀನು ಬಿಟ್ಟು ಮುಗಿಸುತ್ತಾರೆ.

ಅಂದಕ್ಕಾಗಿ ಮಾಡಿಸಲಿಲ್ಲ ಅವರು. ಸಕ್ಕರೆ ಕಾಯಿಲೆ, ಮಂಡಿ ನೋವು, ಸಾಲದ್ದಕ್ಕೆ ನಿದ್ದೆ. ಶಾಟ್ ಮುಗಿದು ಲೈಟ್ ಬದಲಿಸುವಷ್ಟರಲ್ಲಿ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರಲ್ಲ, ನಾವೆಲ್ಲ ಬಿದ್ದು ಬಿದ್ದು ನಕ್ಕೆವಲ್ಲ, ಅದು ಕಾಯಿಲೆಯಂತೆ! ರಾತ್ರಿ ಮಲಗಿದಾಗ ಉಸಿರು ಮತ್ತೆ ಮತ್ತೆ ನಿಂತು ನಿಂತು ಹೋಗುತ್ತಿತ್ತು. ಪಕ್ಕದಲ್ಲಿ ಹೆಂಡತಿ ಎದ್ದು ಕೂತು ಉಸಿರು ಎಣಿಸುತ್ತಿದ್ದರಂತೆ. ಆ ಗೊರಕೆಯ ಬಗ್ಗೆ ನಾನೂ ಇದೇ ಅಂಕಣದಲ್ಲಿ ಒಂದು ಜೋಕು ಬರೆದಿದ್ದೆ. ಈಗ ನಾಚಿಕೆ.

ಸರಿ, ಆಪರೇಷನ್ ಮುಗೀತು, ಸಕ್ಕರೆ ಇಳೀತು, ಉಸಿರು ಸರಿಹೋಯ್ತು. ಚಿತ್ರ ಸುಖಾಂತ್ಯ ಅಂತೀರಾ? ತಾಳಿ, ಇದು ಇಂಟರ್‌ವಲ್ಲು.

ಗುಂಡಣ್ಣ ಮಂಡ್ಯದ ಕಡೆಯವರು. ಮುದ್ದೆಯನ್ನು ಅಗಿದರೆ ಅವಮಾನ, ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು. ಹುಟ್ಟಿದಾರಭ್ಯ ಕಲಿತದ್ದು ಅದೇ. ಈಗ ಡಾಕ್ಟರ ಅಪ್ಪಣೆ: ಒಂದೊಂದು ತುತ್ತನ್ನೂ ಇಪ್ಪತ್ತು-ಮೂವತ್ತು ಸಲ ಅಗಿಯಬೇಕು! "ಐವತ್ತೈದು ವರ್ಷಕ್ಕೆ ತಿನ್ನೋದು ಕಲೀತಾ ಇದೀನಿ ಗುರೂ" ಅಂದರು. ಮೊದಲ ಎರಡು ವಾರ ಬರೀ ನೀರಾದ ಪದಾರ್ಥ. ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಎರಡು ತಿಂಗಳ ಹೊತ್ತಿಗೆ ಗಟ್ಟಿ ಊಟಕ್ಕೆ ಬಂದರು. ಒಂದು ದಿನ ಧೈರ್ಯ ಮಾಡಿ ನಿಂಬೆಹಣ್ಣಿನಷ್ಟು ಮುದ್ದೆ ನುಂಗಿದ್ದಾರೆ. ಅದು ಎದೆಯಲ್ಲಿ ಕೂತಿತು. ಕೆಳಗೂ ಇಳಿಯದು, ಮೇಲೂ ಬಾರದು. ನೀರು ಕುಡಿಯೋಣವೆಂದರೆ ಊಟದ ಜೊತೆ ನೀರು ಕೂಡದು, ಅರ್ಧ ಗಂಟೆ ಬಿಡಬೇಕು. ಕೊನೆಗೆ ವಾಂತಿಯಾಗಿಯೇ ಬಿಡುಗಡೆ.

ಇನ್ನು ಹೋಳಿಗೆ! ನೆಂಟರ ಮನೆ ಗೃಹಪ್ರವೇಶದಲ್ಲಿ ಒಂದೇ ಒಂದು, ಅದೂ ಬಲವಂತಕ್ಕೆ. ಇಪ್ಪತ್ತು ನಿಮಿಷದಲ್ಲಿ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ಕಿವುಚಿ ತಲೆ ತಿರುಗಿ ಪಂದಿಯ ಪಕ್ಕದಲ್ಲೇ ಮಲಗಿಬಿಟ್ಟರು. ಹಾರ್ಟ್ ಅಟ್ಯಾಕ್ ಅಂತ ಆಟೋ ಕರೆಸಿದರಂತೆ. ಹೃದಯದ್ದಲ್ಲ ಕಣ್ರೀ, ಸಕ್ಕರೆಯದ್ದು. ತಡೆಯುವ ಜಠರವಿಲ್ಲ, ಸಿಹಿ ಧಡಕ್ಕನೆ ಕರುಳಿಗೆ ಬೀಳುತ್ತದೆ, ದೇಹ ಗಾಬರಿಯಾಗುತ್ತದೆ. ಬೈಪಾಸ್ ಮಾಡಿಸಿದವರಲ್ಲಿ ಇದು ಸಾಮಾನ್ಯ.

"ಹಸಿವು ಆಗಲ್ವಾ?" ಅಂತ ಕೇಳಿದೆ.

"ಹೊಟ್ಟೇಲಿ ಇಲ್ಲ. ತಲೇಲಿ ಇದೆ. ಅದನ್ನ ಯಾವ ಡಾಕ್ಟರೂ ಕೊಯ್ಯಲ್ಲ" ಅಂದರು. ಪ್ರೊಡಕ್ಷನ್ ಹುಡುಗರು ಮಧ್ಯಾಹ್ನ ಬಾಳೆ ಎಲೆ ಹಾಸಿದರೆ ಸಾಕು, ಕೈ ತಾನಾಗಿ ಮುಂದೆ ಹೋಗುತ್ತದಂತೆ. ಮನೆಯಲ್ಲಿ ಹೆಂಡತಿಯದ್ದು ಇನ್ನೊಂದು ಕಥೆ. ಮೂವತ್ತು ವರ್ಷ ಆರು ಜನರ ಅಡಿಗೆ ಮಾಡಿ ಒಬ್ಬರಿಗೆ ಬಡಿಸಿ ಸಂತೋಷಪಟ್ಟ ತಾಯಿ ಆಕೆ. ಈಗ ಒಂದು ಬೇಯಿಸಿದ ಮೊಟ್ಟೆ, ಎರಡು ಚಮಚ ಕಟ್ಟಿನ ಬೇಳೆ, ಇಷ್ಟೇ ಇಷ್ಟು ಮೊಸರು. ಬೇಳೆ, ಮೊಟ್ಟೆ, ಕೋಳಿ ಮೊದಲು, ಜಾಗ ಉಳಿದರೆ ಅನ್ನ. ದಿನಕ್ಕೆ 60 ಗ್ರಾಮಾದರೂ ಪ್ರೋಟೀನು ಹೋಗಬೇಕಂತೆ. "ರೀ, ನಾನು ಇನ್ನೇನಕ್ಕೆ ಈ ಮನೇಲಿ?" ಅಂತ ಒಂದು ರಾತ್ರಿ ಅಡಿಗೆಮನೆಯಲ್ಲಿ ಕೂತು ಅತ್ತರಂತೆ. ಇವರಿಗೆ ಉತ್ತರ ಹೊಳೆಯಲಿಲ್ಲ. ಈಗ ಇಬ್ಬರೂ ಬೆಳಿಗ್ಗೆ ಒಟ್ಟಿಗೆ ನಡೆಯಲು ಹೋಗುತ್ತಾರೆ. ಹೀಗಾಗಿ ಆ ವಾಕಿಂಗಿನ ಸುಳ್ಳು ಅರ್ಧ ನಿಜವಾಯಿತು!

ಊರಿನಲ್ಲಿ ಬೀಗರ ಊಟಕ್ಕೆ ಹೋದಾಗ ಅಜ್ಜಿಯೊಬ್ಬರು ಕೆನ್ನೆ ಹಿಡಿದು ಕೇಳಿದರಂತೆ: "ಯಾಕ್ಲಾ ಮಗಾ, ಇಂಗ್ ಬಡವಾಗ್ಬುಟ್ಟಿದ್ದೀಯೆ? ಸೊಸೆ ಇಟ್ಟಿಕ್ಕಾಕಿಲ್ವಾ?" ನಮ್ಮ ಕಡೆ ಸಣ್ಣಗಾಗುವುದಕ್ಕೆ ಬಡವಾಗುವುದು ಅಂತಲೇ ಮಾತು. ಮಿಕ್ಕವರದ್ದು ಪಿಸುಮಾತು: ಶುಗರ್ ಜಾಸ್ತಿ ಆಗಿರ್ಬೇಕು, ಇನ್ನೇನೋ ದೊಡ್ಡ ಕಾಯಿಲೆ ಇರ್ಬೇಕು, ಹೇಳ್ತಾ ಇಲ್ಲ.

ಬಡವಾದದ್ದು ನಿಜವೇ. ಬೇರೆ ಅರ್ಥದಲ್ಲಿ.

ಆಪರೇಷನ್ ಆದ ಮೇಲೆ ಆರು ತಿಂಗಳಿಗೆ ಒಂದು ಚಿತ್ರದ ಸೆಟ್ಟಿಗೆ ಹೋದರು. ಅಡ್ವಾನ್ಸ್ ಮೊದಲೇ ಬಂದಿತ್ತು. ನಿರ್ದೇಶಕರು ಮೇಲಿಂದ ಕೆಳಗೆ ನೋಡಿ, "ಸಾರ್, ನೀವು ಬಾಗಿಲಲ್ಲಿ ಸಿಕ್ಕಿಕೊಳ್ಳೋ ಸೀನು ಇತ್ತಲ್ಲ... ಈಗ ಹೇಗೆ ಸಿಕ್ಕಿಕೊಳ್ತೀರಿ?" ಅಂದರಂತೆ. ಹೊಟ್ಟೆಗೆ ದಿಂಬು ಕಟ್ಟಿ ನೋಡಿದರು. ಮುಖ ಒಪ್ಪಲಿಲ್ಲ. ಗಲ್ಲದ ಚರ್ಮ ಇಳಿಬಿದ್ದಿದೆ, ಹತ್ತು ವರ್ಷ ಹೆಚ್ಚಾದ ಹಾಗೆ. ತಲೆಗೂದಲು ಬೇರೆ ಉದುರುತ್ತಿದ್ದ ಸಮಯ. ಮೂರನೇ ತಿಂಗಳಿನಿಂದ ಉದುರುತ್ತದೆ, ಬಹಳ ಜನಕ್ಕೆ ಮತ್ತೆ ಬರುತ್ತದೆ, ಆದರೆ ಕ್ಯಾಮರಾ ಕಾಯುವುದಿಲ್ಲವಲ್ಲ! ಪಾತ್ರ ಬೇರೊಬ್ಬ ದಪ್ಪನೆಯ ಹುಡುಗನಿಗೆ ಹೋಯಿತು. ಅಡ್ವಾನ್ಸ್ ವಾಪಸ್ ಕೊಟ್ಟು ಬಂದರು.

ಚಿತ್ರರಂಗ ಇದರಲ್ಲಿ ಬಹಳ ನಿಷ್ಠುರ. ನೌಷಾದ್ ಸಂಗೀತದಲ್ಲಿ 1947ರ 'ದರ್ದ್' ಚಿತ್ರಕ್ಕೆ ಹಾಡಿ ದೇಶದಲ್ಲೆಲ್ಲ ಹೆಸರಾದ ಗಾಯಕಿ ಉಮಾದೇವಿ. ಅವರು 1950ರಲ್ಲಿ 'ಬಾಬುಲ್'ನಿಂದ ಹಾಸ್ಯಕ್ಕೆ ಬಂದು ಟುನ್ ಟುನ್ ಆದರು. ಆಮೇಲೆ ಆ ಕಂಠ ಯಾರಿಗೂ ಬೇಕಾಗಲಿಲ್ಲ, ದೇಹವೇ ಹೆಸರಾಯಿತು. ಗುಂಡಣ್ಣನೂ ರಂಗಭೂಮಿಯಿಂದ ಬಂದವರೇ, ಕಂಪನಿ ನಾಟಕದಲ್ಲಿ ಗಂಭೀರ ಪಾತ್ರ ಮಾಡಿದವರೇ. ಗಾಂಧಿನಗರಕ್ಕೆ ಬೇಕಾದದ್ದು ಅವರ ಹೊಟ್ಟೆ ಒಂದೇ.

ಕೆಲಸವಿಲ್ಲದ ಸಂಜೆಗಳಲ್ಲಿ ಏನಾಗುತ್ತದೆ ಅಂತ ನಿಮಗೆ ಹೇಳಬೇಕೆ? ಗುಂಡಣ್ಣ ಗುಂಡಿನ ಕಡೆ ತಿರುಗಿದರು. ಮೊದಲು ಮೂರು ಪೆಗ್ಗಿಗೂ ಅಲುಗದ ಮನುಷ್ಯ, ಈಗ ಅರ್ಧಕ್ಕೇ ಮೇಜಿನ ಮೇಲೆ ತಲೆ. ಬೈಪಾಸ್ ಆದವರಿಗೆ ಮದ್ಯ ಬೇಗ ರಕ್ತಕ್ಕೆ ಏರುತ್ತದೆ, ಚಟವೂ ಸುಲಭಕ್ಕೆ ಹಿಡಿಯುತ್ತದೆ. ಫುಟ್‌ಬಾಲ್ ದೊರೆ ಮರಡೋನಾ ಗೊತ್ತಲ್ಲ? 2005ರ ಮಾರ್ಚಿಯಲ್ಲಿ ಕೊಲಂಬಿಯಾದಲ್ಲಿ ಇದೇ ಬೈಪಾಸ್ ಮಾಡಿಸಿಕೊಂಡರು. ಅದೇ ವರ್ಷ ಸಣ್ಣಗಾಗಿ ಟೀವಿಯಲ್ಲಿ ಕಾರ್ಯಕ್ರಮ ನಡೆಸಿಕೊಟ್ಟರು. ಮೊದಲ ಕಂತಿಗೆ ಪೆಲೆಯೇ ಅತಿಥಿ, ಜಗತ್ತೇ ಚಪ್ಪಾಳೆ. 2007ರಲ್ಲಿ ಕುಡಿತದಿಂದ ಲಿವರ್ ಊದಿ ಆಸ್ಪತ್ರೆ ಸೇರಿದರು. ಹೊಟ್ಟೆ ಸಣ್ಣದಾದರೂ ಮನುಷ್ಯ ಅವನೇ ತಾನೆ? ಗುಂಡಣ್ಣನಿಗೆ ಈ ಕಥೆ ಹೇಳಿದ್ದು ಅವರ ಡಾಕ್ಟರು. ಬಿಟ್ಟು ಐದು ತಿಂಗಳಾಯಿತಂತೆ. ದೇವರು ಒಳ್ಳೇದು ಮಾಡಲಿ.

ಇಷ್ಟೆಲ್ಲ ಇವರು ಈಗ ನನ್ನ ಹತ್ತಿರ ಯಾಕೆ ಬಿಚ್ಚಿದರು ಅಂತ ಕೇಳುತ್ತೀರಿ. ಕಾರಣ ಒಬ್ಬ ಲೈಟ್ ಹುಡುಗ. ಅವನೂ ದಪ್ಪನೇ, ಮದುವೆಗೆ ಹೆಣ್ಣು ನೋಡುತ್ತಿದ್ದಾರೆ. ಗುಂಡಣ್ಣನ ನಿಂಬೆಹಣ್ಣಿನ ಮಾತು ನಂಬಿ ಮೂರು ವಾರ ಬಿಸಿನೀರು ಕುಡಿದುಕೊಂಡೇ ಕೆಲಸ ಮಾಡಿದ್ದಾನೆ. ಒಂದು ದಿನ ಏಣಿಯ ಮೇಲೆ ತಲೆ ತಿರುಗಿ ಬಿದ್ದ. ಕೈ ಮುರಿದದ್ದಷ್ಟೇ, ಜೀವ ಉಳಿಯಿತು. ಆಸ್ಪತ್ರೆಗೆ ನೋಡಲು ಹೋದರೆ ಅವನೇ, "ಅಣ್ಣಾ, ನಿಮ್ ಥರ ನಂಗೆ ಮನಸ್ಸು ಗಟ್ಟಿ ಇಲ್ಲ, ಅದಕ್ಕೇ ಆಗ್ಲಿಲ್ಲ" ಅಂತ ಕ್ಷಮೆ ಕೇಳಿದನಂತೆ! ಇದನ್ನು ಹೇಳುವಾಗ ಗುಂಡಣ್ಣನ ಕಣ್ಣು ತುಂಬಿತ್ತು. ಹುಡುಗನಿಗೆ ಅಲ್ಲೇ ನಿಜ ಹೇಳಿದರು. "ನೀನೂ ಬರಿ, ಇನ್ಯಾರೂ ಬೀಳಬಾರದು" ಅಂತ ನನಗೆ ಅಪ್ಪಣೆ. ಆದರೆ ಹೆಸರು ಬೇಡವಂತೆ. ಆ ಧೈರ್ಯ ಇನ್ನೂ ಬಂದಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಕಾಫಿ ಬಂತು. ಸಕ್ಕರೆ ಇಲ್ಲದ್ದು, ಬೈ-ಟೂ. ಅದರಲ್ಲೂ ಅರ್ಧ ಬಿಟ್ಟರು. ಜೇಬಿನಿಂದ ಮಾತ್ರೆಯ ಡಬ್ಬಿ ತೆಗೆದು ತೋರಿಸಿದರು: ಬಿ-12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಬದುಕಿರುವವರೆಗೂ ಬಿಡುವ ಹಾಗಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ನುಂಗುವ ಹಾಗಿಲ್ಲ. ಮಂಡಿ ನೋವಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತಿನ್ನುವ ಹಾಗೂ ಇಲ್ಲ, ಆ ಪುಟ್ಟ ಚೀಲದಲ್ಲಿ ಹುಣ್ಣಾಗುತ್ತದೆ. ಎರಡು ವರ್ಷ ಕಳೆದ ಮೇಲೆ ಮೈಮರೆತರೆ ತೂಕ ಮತ್ತೆ ಏರುವುದೂ ಉಂಟು.

"ಮತ್ತೆ ಮಾಡಿಸ್ಕೊಂಡದ್ದಕ್ಕೆ ಬೇಜಾರಿದೆಯಾ?" ಅಂದೆ.

ಸ್ವಲ್ಪ ಹೊತ್ತು ರಸ್ತೆ ನೋಡಿದರು. "ಮೊನ್ನೆ ಮೊಮ್ಮಗಳ ಶೂ ಲೇಸು ಕಟ್ಟಿದೆ ಗುರೂ. ಬಗ್ಗಿ" ಅಂದರು. ಅಷ್ಟೇ.

ಎದ್ದಾಗ ಪ್ಯಾಂಟು ಎಳೆದುಕೊಂಡರು. ಬೆಲ್ಟಿಗೆ ಮೊಳೆಯಲ್ಲಿ ಹೊಸದಾಗಿ ಹೊಡೆದ ಐದು ತೂತು ಎಣಿಸಿದೆ. ಒಂದು ಧಾರಾವಾಹಿಗೆ ನಿವೃತ್ತ ಹೆಡ್‌ಮಾಸ್ಟರ ಪಾತ್ರವಿದೆಯಂತೆ. ಜಗುಲಿಯ ಮೇಲೆ ಕೂತು ಮಗನಿಗೆ ಬುದ್ಧಿ ಹೇಳುವ ಉದ್ದನೆಯ ಸೀನು, ಎಲ್ಲೂ ಬೀಳುವುದಿಲ್ಲ, ಏನೂ ಮುರಿಯುವುದಿಲ್ಲ. ಆದರೆ ಆಡಿಷನ್‌ಗೆ ಬನ್ನಿ ಅಂದಿದ್ದಾರೆ. ಮೂವತ್ತು ವರ್ಷದಲ್ಲಿ ಮೊದಲ ಸಲ! ಬರುವ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಡೈಲಾಗ್ ಹಾಳೆಯನ್ನು ನನ್ನ ಕೈಗೆ ಕೊಟ್ಟು, "ನೀನು ಮಗನ ಮಾತು ಓದು, ನಾನು ಹೇಳ್ತೀನಿ" ಅಂದರು. ಹೋಟೆಲಿನ ಮುಂದೆ, ಪಾನ್ ಅಂಗಡಿಯ ಬೆಳಕಿನಲ್ಲಿ ನಿಂತು ಎರಡು ಸಲ ಓದಿದೆವು.